ಕ್ಯಾಂಪ್ ಆಮೇಲೆ ಮಾಡಿ, ಮೊದಲು ಟೈಮಿಂಗ್ ಶೀಟ್ ತನ್ನಿ

ಪ್ರಶ್ನೆ: ನಾನು ಮಂಗಳೂರಿನ ಖಾಸಗಿ ಸಿಟಿ ಬಸ್ಸಿನಲ್ಲಿ ಹನ್ನೊಂದು ವರ್ಷದಿಂದ ಕಂಡಕ್ಟರ್. ನಮ್ಮ ಮಾಲೀಕರಿಗೆ ಮೂರು ಬಸ್ಸು. ಬೆಳಿಗ್ಗೆ ಆರೂಕಾಲಿಗೆ ಮೊದಲ ಟ್ರಿಪ್, ರಾತ್ರಿ ಎಂಟೂಮುಕ್ಕಾಲಿಗೆ ಕೊನೆಯದು ಮುಗಿಯುತ್ತದೆ. ಮೂರು ದಿನ ದುಡಿದರೆ ಒಂದು ದಿನ ರಜೆ. ದಿನಗೂಲಿ ಮತ್ತು ಮೇಲೆ ಕಲೆಕ್ಷನ್ ನೋಡಿ ಕಮಿಷನ್. ಇಷ್ಟು ವರ್ಷ ನಮ್ಮ ಯೂನಿಯನ್ ಸಂಬಳ, ಭತ್ತೆ, ಬೋನಸ್ ಬಿಟ್ಟು ಬೇರೆ ಮಾತಾಡಿದ್ದಿಲ್ಲ. ಈ ಸಲ ಆರೋಗ್ಯ ಮತ್ತು ಸುರಕ್ಷತೆ ಬಗ್ಗೆ ಒಂದು ಬೇಡಿಕೆ ಪಟ್ಟಿ ತಯಾರು ಮಾಡು ಎಂದು ನನಗೆ ವಹಿಸಿದ್ದಾರೆ. ಕೆಲವರು "ಒಂದು ಹೆಲ್ತ್ ಕ್ಯಾಂಪ್ ಮಾಡಿಸಿದರೆ ಸಾಕು" ಅನ್ನುತ್ತಾರೆ. ಮಾಲೀಕರು "ಬಸ್ಸಿನ ಕೆಲಸ ಅಂದ್ರೆ ಹೀಗೇ" ಅನ್ನುತ್ತಾರೆ. ಕಾನೂನಿನಲ್ಲಿ ನಮಗೆ ಏನಾದರೂ ಉಂಟಾ? ಎಲ್ಲಿಂದ ಶುರು ಮಾಡಲಿ? ಹಾಗೇ ಇನ್ನೊಂದು, ನನ್ನ ಬಲಗಾಲಿನಲ್ಲಿ ನರ ಉಬ್ಬಿಕೊಂಡಿದೆ, ಸಂಜೆಗೆ ಉರಿ. ಅದಕ್ಕೇನು ಮಾಡಬೇಕು?

ಉತ್ತರ: ಕ್ಯಾಂಪ್ ಬೇಡ ಎಂದು ನಾನು ಹೇಳುವುದಿಲ್ಲ. ಅಂಥ ಎಷ್ಟೋ ಕ್ಯಾಂಪುಗಳಲ್ಲಿ ನಾನೇ ಮೇಜು ಹಾಕಿ ಕೂತಿದ್ದೇನೆ. ಬಿಪಿ ನೋಡುತ್ತೇವೆ, ಬೆರಳು ಚುಚ್ಚಿ ಶುಗರ್ ನೋಡುತ್ತೇವೆ. ನೀರು ಜಾಸ್ತಿ ಕುಡಿಯಿರಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ಚೆನ್ನಾಗಿ ನಿದ್ದೆ ಮಾಡಿ ಅನ್ನುತ್ತೇವೆ. ಕೇಳುವವರು ತಲೆ ಆಡಿಸುತ್ತಾರೆ. ಮರುದಿನ ಆರೂಕಾಲಿಗೆ ಅದೇ ಬಸ್ಸು ಹೊರಡುತ್ತದೆ.

ಒಮ್ಮೆ ಒಬ್ಬ ಡ್ರೈವರ್ ಬಂದರು. ನಲವತ್ತು ಆಗಿರಲಿಲ್ಲ. ಕಿಡ್ನಿ ಕಲ್ಲಿನ ನೋವು, ಅದೂ ಮೂರನೇ ಸಲ. ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು ಕೇಳಿದೆ. "ಡ್ಯೂಟಿ ಇರುವ ದಿನವಾ, ಇಲ್ಲದ ದಿನವಾ?" ಎಂದು ಅವರೇ ತಿರುಗಿ ಕೇಳಿದರು. ಡ್ಯೂಟಿ ದಿನ ಬೆಳಿಗ್ಗೆ ಒಂದು ಚಾ, ಮಧ್ಯಾಹ್ನ ಊಟದ ಜೊತೆ ಒಂದು ಲೋಟ ನೀರು, ಅಷ್ಟೇ. "ಕುಡಿದರೆ ಒಂದಕ್ಕೆ ಹೋಗಬೇಕಲ್ಲ ಡಾಕ್ಟ್ರೇ. ಹಿಂದಿನ ಬಸ್ಸಿನವ ಬಂದು ಹಾರ್ನ್ ಹೊಡೀತಾನೆ." ಅವರಿಗೆ ನಾನು ಕೊಟ್ಟ ಚೀಟಿಯಲ್ಲಿ "ದಿನಕ್ಕೆ ಮೂರು ಲೀಟರ್ ನೀರು" ಎಂದು ಬರೆದಿತ್ತು. ಆ ಚೀಟಿಯನ್ನು ಅವರ ಬಸ್ಸಿನ ಟೈಮಿಂಗ್ ಬರೆದವರಿಗೆ ಕಳಿಸಬೇಕಿತ್ತು ಎಂದು ನನಗೆ ಹೊಳೆದದ್ದು ಅವರು ಹೋದ ಮೇಲೆ.

ಅದಕ್ಕೇ ನಿಮ್ಮ ಪಟ್ಟಿಯಲ್ಲಿ ಮೊದಲ ಸಾಲು ಸಮಯದ ಬಗ್ಗೆ ಇರಲಿ. ನಮ್ಮ ಕರಾವಳಿಯ ಬಸ್ಸಿನವರಿಗೆ ಬರುವ ಕಾಯಿಲೆಗಳಲ್ಲಿ ಅರ್ಧಕ್ಕರ್ಧ, ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂದು ಬರೆದ ಟೈಮಿಂಗ್ ಶೀಟಿನಲ್ಲೇ ಹುಟ್ಟುತ್ತವೆ. ಇದು ನನ್ನ ಅಂದಾಜು, ಲೆಕ್ಕ ಹಾಕಿ ಹೇಳಿದ್ದಲ್ಲ. ಆದರೆ ಕಲ್ಲು, ಉರಿಮೂತ್ರ, ಗ್ಯಾಸ್ಟ್ರಿಕ್, ಏರುವ ಶುಗರ್, ನಿದ್ದೆಗೆಟ್ಟ ಕಣ್ಣು, ಇವುಗಳ ಹಿಂದೆ ಹೋದರೆ ಸಿಗುವುದು ಅದೇ ಶೀಟು.

"ಬಸ್ಸಿನ ಕೆಲಸ ಅಂದ್ರೆ ಹೀಗೇ" ಅನ್ನುವ ಮಾತಿಗೆ ಬರುತ್ತೇನೆ. ಕೂತು ಮಾಡುವ ಕೆಲಸಕ್ಕೂ ಹೃದಯದ ಕಾಯಿಲೆಗೂ ನಂಟು ಉಂಟೆಂದು ಜಗತ್ತಿಗೆ ಗಟ್ಟಿಯಾಗಿ ತೋರಿಸಿಕೊಟ್ಟವರಲ್ಲಿ ಬಸ್ಸಿನವರೇ ಮೊದಲಿಗರು. ಲಂಡನ್ನಿನಲ್ಲಿ ಜೆರ‍್ರಿ ಮಾರಿಸ್ ಎಂಬ ವೈದ್ಯರು ಅಲ್ಲಿನ ಡಬಲ್ ಡೆಕರ್ ಬಸ್ಸುಗಳ ಡ್ರೈವರ್ ಮತ್ತು ಕಂಡಕ್ಟರ್‌ಗಳನ್ನು ಹೋಲಿಸಿ 1953ರಲ್ಲಿ ವರದಿ ಪ್ರಕಟಿಸಿದರು. ಇಬ್ಬರದೂ ಒಂದೇ ಬಸ್ಸು, ಒಂದೇ ಊರು. ಆದರೆ ದಿನವಿಡೀ ಕೂತೇ ಇರುವ ಡ್ರೈವರ್‌ಗಳಿಗೆ ಹೃದಯದ ಕಾಯಿಲೆ ಹೆಚ್ಚು, ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಿಗೆ ಕಡಿಮೆ. ವ್ಯಾಯಾಮ ಹೃದಯಕ್ಕೆ ಒಳ್ಳೆಯದು ಎಂದು ಇವತ್ತು ನಾವು ಸಲೀಸಾಗಿ ಹೇಳುವ ಮಾತಿನ ಬೇರು ಅಲ್ಲಿದೆ. ಮಜಾ ಏನೆಂದರೆ 1956ರಲ್ಲಿ ಅದೇ ತಂಡ ಸಿಬ್ಬಂದಿಯ ಯೂನಿಫಾರ್ಮ್ ಅಳತೆಗಳನ್ನು ತೆಗೆದು ನೋಡಿತು. ಡ್ರೈವರ್‌ಗಳ ಪ್ಯಾಂಟಿನ ಸೊಂಟ ಕೆಲಸಕ್ಕೆ ಸೇರುವಾಗಲೇ ಸ್ವಲ್ಪ ದೊಡ್ಡದಿತ್ತು! ಅಂದರೆ ಕಾಯಿಲೆಗೆ ಕೂತ ಕೆಲಸ ಒಂದೇ ಕಾರಣ ಅಲ್ಲದಿರಬಹುದು. ತಮ್ಮದೇ ಲೆಕ್ಕವನ್ನು ಅನುಮಾನದಿಂದ ಮತ್ತೆ ನೋಡುವ ಆ ಪ್ರಾಮಾಣಿಕತೆ ನನಗೆ ಇಷ್ಟ. ನೀವೂ ಪಟ್ಟಿ ಮಾಡುವಾಗ ಅದನ್ನು ನೆನಪಿಡಿ. ಎಲ್ಲ ನೋವಿಗೂ ಬಸ್ಸನ್ನೇ ಬೈದರೆ ಎದುರಿನವರು ನಂಬುವುದಿಲ್ಲ.

ಈಗ ಕಾನೂನು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಎಂದೊಂದು ಇತ್ತು. ಈಗ ಅದು ಹೊಸ ಸಂಹಿತೆಯೊಳಗೆ ಸೇರಿದೆ, ಅದನ್ನು ಮುಂದೆ ಹೇಳುತ್ತೇನೆ. ಬಸ್ಸಿನ ಕೆಲಸವನ್ನು ಚೆನ್ನಾಗಿ ನೋಡಿ ಬಲ್ಲವರು ಬರೆದದ್ದು ಎಂದು ಓದಿದರೆ ಗೊತ್ತಾಗುತ್ತದೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ದೂರದ ರೂಟು, ಹಬ್ಬದ ರಶ್ ಅಂಥ ಸಂದರ್ಭಗಳಲ್ಲಿ ಅನುಮತಿ ಪಡೆದು 10 ಗಂಟೆ, 54 ಗಂಟೆ. ಸತತ 5 ಗಂಟೆ ದುಡಿದರೆ ಕನಿಷ್ಠ ಅರ್ಧ ಗಂಟೆ ಬಿಡುವು. ಬಿಡುವೂ ಸೇರಿ ಇಡೀ ದಿನದ ಡ್ಯೂಟಿ 12 ಗಂಟೆಯ ಹರವು ದಾಟಬಾರದು. ಇವತ್ತಿನ ಕೆಲಸ ಮುಗಿದು ನಾಳೆಯದು ಶುರುವಾಗುವ ನಡುವೆ ಸತತ 9 ಗಂಟೆ ವಿಶ್ರಾಂತಿ. ಹೆಚ್ಚಿನ ದುಡಿಮೆಗೆ ಎರಡು ಪಟ್ಟು ಕೂಲಿ. ಡ್ರೈವರ್‌ಗಳ ದುಡಿಮೆಯ ಗಂಟೆಗೆ ಮೋಟಾರು ವಾಹನ ಕಾಯ್ದೆಯೂ ಇದನ್ನೇ ಕೈ ತೋರಿಸುತ್ತದೆ.

ನಿಮ್ಮ ದಿನವನ್ನು ಇದಕ್ಕೆ ಹಿಡಿದು ನೋಡಿ. ಆರೂಕಾಲರಿಂದ ಎಂಟೂಮುಕ್ಕಾಲು ಅಂದರೆ ಹದಿನಾಲ್ಕೂವರೆ ಗಂಟೆ. ಹರವಿನ ಮಿತಿಗಿಂತ ಎರಡೂವರೆ ಗಂಟೆ ಜಾಸ್ತಿ. ಇನ್ನು ರಾತ್ರಿ ಎಂಟೂಮುಕ್ಕಾಲರಿಂದ ಬೆಳಿಗ್ಗೆ ಆರೂಕಾಲರವರೆಗೆ ಒಂಬತ್ತೂವರೆ ಗಂಟೆ ಸಿಗುತ್ತದಲ್ಲ, ಕಾನೂನು ಸರಿ ಆಯಿತಲ್ಲ ಎಂದು ಮಾಲೀಕರು ಹೇಳಬಹುದು. ಇಲ್ಲಿ ಸ್ವಲ್ಪ ನಿಲ್ಲಿ. ಕೊನೆಯ ಟ್ರಿಪ್ ಆದ ಮೇಲೆ ನೀವು ನೇರ ಮನೆಗೆ ಹೋಗುತ್ತೀರಾ? ಹಣ ಎಣಿಸಬೇಕು, ಲೆಕ್ಕ ಒಪ್ಪಿಸಬೇಕು, ಬಸ್ಸನ್ನು ಶೆಡ್ಡಿಗೆ ಹಾಕಬೇಕು. ಬೆಳಿಗ್ಗೆ ಬಸ್ಸು ತೆಗೆದು ಮೊದಲ ಸ್ಟಾಪಿಗೆ ತರಬೇಕು. ಆ ಕಾಯ್ದೆ ಇದನ್ನೆಲ್ಲ "ಪೂರಕ ಕೆಲಸ" ಎಂದು ಹೆಸರು ಹಿಡಿದು ಹೇಳಿ ದುಡಿಮೆಯ ಗಂಟೆಗೆ ಸೇರಿಸುತ್ತದೆ. ರಾತ್ರಿ ಮುಕ್ಕಾಲು ಗಂಟೆ, ಬೆಳಿಗ್ಗೆ ಅರ್ಧ ಗಂಟೆ ಎಂದು ಹಿಡಿದರೂ ನಿಮ್ಮ ವಿಶ್ರಾಂತಿ ಎಂಟೂಕಾಲು ಗಂಟೆಗೆ ಇಳಿಯಿತು. ಅದರಲ್ಲೇ ಮನೆಗೆ ಹೋಗಿ ಬರುವುದು, ಸ್ನಾನ, ಊಟ. ನಿದ್ದೆಗೆ ಉಳಿಯುವುದು ಐದೂವರೆ, ಹೆಚ್ಚೆಂದರೆ ಆರು. ಮೂರು ದಿನ ಹೀಗೆ ಹೋದರೆ ಮೂರನೇ ದಿನ ಮಧ್ಯಾಹ್ನ ಎರಡು ಗಂಟೆಯ ಟ್ರಿಪ್ಪಿನಲ್ಲಿ ಡ್ರೈವರ್‌ನ ಕಣ್ಣು ತೂಕಡಿಸುವುದು ಸೋಮಾರಿತನದಿಂದಲ್ಲ.

ಇನ್ನೊಂದು ಚಿಕ್ಕ ವಿಷಯ, ನನಗೆ ಬಹಳ ದೊಡ್ಡದಾಗಿ ಕಾಣುವಂಥದ್ದು. ಟರ್ಮಿನಲ್‌ನಲ್ಲಿ 15 ನಿಮಿಷಕ್ಕಿಂತ ಕಡಿಮೆ ನಿಲ್ಲುವ ಹೊತ್ತನ್ನೂ ಆ ಕಾಯ್ದೆ ದುಡಿಮೆ ಎಂದೇ ಲೆಕ್ಕ ಹಾಕುತ್ತದೆ. ಅಂದರೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಐದು ನಿಮಿಷ, ಲಾಸ್ಟ್ ಸ್ಟಾಪಿನಲ್ಲಿ ಸಿಗುವ ಏಳು ನಿಮಿಷ ಒಟ್ಟು ಮಾಡಿ "ದಿನಕ್ಕೆ ಒಂದೂವರೆ ಗಂಟೆ ರೆಸ್ಟ್ ಕೊಡ್ತೇವಲ್ಲ" ಎಂದು ಯಾರೂ ಹೇಳುವಂತಿಲ್ಲ.

ಈಗ ಸ್ವಲ್ಪ ಕಹಿ ಸುದ್ದಿ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಿಮ್ಮ 1961ರ ಕಾಯ್ದೆಯೂ ಸೇರಿ ಹದಿಮೂರು ಕಾನೂನುಗಳನ್ನು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ನುಂಗಿಕೊಂಡಿದೆ. ದಿನಕ್ಕೆ 8 ಗಂಟೆ, ಹೆಚ್ಚಿನದಕ್ಕೆ ಎರಡು ಪಟ್ಟು ಕೂಲಿ, ಇವು ಉಳಿದಿವೆ. ಬಿಡುವು ಎಷ್ಟು, ಹರವು ಎಷ್ಟು ಎಂಬುದನ್ನು ಮಾತ್ರ ಸರಕಾರ ಅಧಿಸೂಚನೆಯಲ್ಲಿ ಹೇಳಬೇಕು. ಆದ್ದರಿಂದ ಹಳೆಯ ಕಾಯ್ದೆಯ ಅಂಕಿಗಳನ್ನು ನಿಮ್ಮ ಬೇಡಿಕೆಯ ಅಳತೆಗೋಲಾಗಿ ಇಟ್ಟುಕೊಳ್ಳಿ. ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ ಅನ್ನಿ.

ಕಹಿ ಅಂದದ್ದು ಬೇರೆ ಕಾರಣಕ್ಕೆ. ಹಳೆಯ ಕಾಯ್ದೆ 5 ಮಂದಿ ಕೆಲಸಗಾರರಿದ್ದರೆ ಸಾಕು ಅನ್ನುತ್ತಿತ್ತು. ಹೊಸದಕ್ಕೆ 10 ಮಂದಿ ಬೇಕು. ನಮ್ಮ ಜಿಲ್ಲೆಗಳಲ್ಲಿ ಒಂದು, ಎರಡು, ಮೂರು ಬಸ್ಸಿನ ಮಾಲೀಕರೇನೂ ಕಡಿಮೆ ಇಲ್ಲ. ನಿಮ್ಮದೇ ಲೆಕ್ಕ ಹಾಕಿ. ಮೂರು ಬಸ್ಸು, ಬಸ್ಸಿಗೆ ಇಬ್ಬರು, ಅಲ್ಲಿಗೆ ಆರು. ಬದಲಿಗೆ ಬರುವವರು ಮೂವರು ಎಂದರೆ ಒಂಬತ್ತು. ಒಂದು ಕಡಿಮೆ ಬಿತ್ತು! ಆದರೆ ಮೋಟಾರು ಸಾರಿಗೆ ಕಾರ್ಮಿಕ ಅಂದರೆ ಡ್ರೈವರ್, ಕಂಡಕ್ಟರ್ ಮಾತ್ರ ಅಲ್ಲ. ಕ್ಲೀನರ್, ಲೈನ್ ಚೆಕ್ಕರ್, ಟೈಂ ಕೀಪರ್, ಕ್ಯಾಶ್ ನೋಡುವ ಗುಮಾಸ್ತ, ವಾಚ್‌ಮನ್ ಎಲ್ಲರೂ ಆ ವ್ಯಾಖ್ಯೆಯಲ್ಲಿ ಇದ್ದಾರೆ. ರಾತ್ರಿ ಮೂರು ಬಸ್ಸು ತೊಳೆಯುವ ಆ ಹುಡುಗನನ್ನು ಲೆಕ್ಕಕ್ಕೆ ಹಿಡಿದಿರಾ? ಏಜೆನ್ಸಿ ಮೂಲಕ ಬಂದವನಾದರೂ ಅವನನ್ನು ಸೇರಿಸಬಹುದು. ಅಲ್ಲಿಗೆ ಹತ್ತು. ನೇಮಕಾತಿ ಪತ್ರ ಕೊಡಬೇಕು ಎಂಬುದೂ ಹೊಸ ಸಂಹಿತೆಯಲ್ಲಿದೆ. ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯೂ ಇದೆ, 40 ದಾಟಿದ ಕೆಲಸಗಾರರಿಗೆ ಎಂದು ಕೇಂದ್ರ ಸರಕಾರ ಹೇಳಿದೆ. ನೋಡಿ, ನಿಮ್ಮವರು ಕೇಳಿದ ಕ್ಯಾಂಪ್ ಇಲ್ಲೇ ಬಂತು. ಅದನ್ನು ಯಾರ ಹತ್ತಿರವೂ ಬೇಡಿ ತರಬೇಕಿಲ್ಲ. ವಾರ್ಷಿಕ ರಜೆಗೂ ಮುಂಚೆ ವರ್ಷಕ್ಕೆ 240 ದಿನ ದುಡಿದಿರಬೇಕಿತ್ತು, ಈಗ 180 ದಿನ ಸಾಕು.

ಕಾರ್ಮಿಕ ಇಲಾಖೆಗೆ ಹೋಗಿ, ಹೋಗಲೇಬೇಕು. ಆದರೆ ನಿಮ್ಮ ಟೈಮಿಂಗ್ ಶೀಟ್ ಹುಟ್ಟುವುದು ಅಲ್ಲಿ ಅಲ್ಲ. ಪರ್ಮಿಟ್ ಕೊಟ್ಟು ಸಮಯ ಗೊತ್ತು ಮಾಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. ಆ ಸಭೆಗೆ ಮಾಲೀಕರು ಬರುತ್ತಾರೆ, ಹೊಸ ರೂಟು ಕೇಳುವವರು ಬರುತ್ತಾರೆ, ಇದ್ದ ರೂಟಿಗೆ ಅಡ್ಡ ಬಂತು ಎಂದು ತಕರಾರು ಮಾಡುವವರು ಬರುತ್ತಾರೆ. ಬಸ್ಸು ಓಡಿಸುವವರು ಬಂದದ್ದು ನಾನು ನೋಡಿಲ್ಲ. ಒಂದು ರೂಟಿಗೆ ಇಷ್ಟು ನಿಮಿಷ ಎಂದು ಯಾವತ್ತೋ ಬರೆದದ್ದು ಇವತ್ತೂ ಅದೇ ಇರುತ್ತದೆ. ನಡುವೆ ಪಂಪ್‌ವೆಲ್‌ನಲ್ಲಿ, ನಂತೂರಿನಲ್ಲಿ, ಕೊಟ್ಟಾರ ಚೌಕಿಯಲ್ಲಿ ಟ್ರಾಫಿಕ್ ಎಷ್ಟು ಬೆಳೆದಿದೆ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಹೆಚ್ಚಿನ ನಿಮಿಷ ಎಲ್ಲಿಂದ ಬರುತ್ತದೆ? ನಿಮ್ಮ ಊಟದಿಂದ, ನಿಮ್ಮ ಒಂದಕ್ಕೆ ಹೋಗುವ ಹೊತ್ತಿನಿಂದ, ಇಲ್ಲವಾದರೆ ವೇಗದಿಂದ. ಜನ ಬೈಯುವುದು ಆ ವೇಗವನ್ನು ಮಾತ್ರ. ಹಾಗಾಗಿ "ನಮ್ಮ ರೂಟಿನ ಓಟದ ಸಮಯವನ್ನು ಈಗಿನ ರಸ್ತೆಗೆ ಸರಿಯಾಗಿ ಮತ್ತೆ ಅಳೆಯಿರಿ, ಎರಡೂ ತುದಿಯಲ್ಲಿ ಬಿಡುವು ಬರೆಯಿರಿ" ಎಂಬ ಅರ್ಜಿ ಪ್ರಾಧಿಕಾರಕ್ಕೇ ಹೋಗಲಿ. ಈ ಬೇಡಿಕೆಯಲ್ಲಿ ಪ್ರಯಾಣಿಕರೂ ನಿಮ್ಮ ಜೊತೆ ನಿಲ್ಲುತ್ತಾರೆ. ಓಟದ ಸ್ಪರ್ಧೆ ಕಂಡು ಹೆದರಿ ಕೂತವರು ಅವರೇ ಅಲ್ವಾ?

ಇನ್ನು ನಿಮ್ಮವರಿಗೇ ಇಷ್ಟವಾಗದ ಮಾತು. ಕಲೆಕ್ಷನ್ ಮೇಲೆ ಕಮಿಷನ್ ಇರುವವರೆಗೆ ಬಿಡುವು ಬೇಕು ಎಂದು ಸಭೆಯಲ್ಲಿ ಕೈ ಎತ್ತಿದವರೇ ರಸ್ತೆಯಲ್ಲಿ ಅದನ್ನು ಬಿಟ್ಟುಕೊಡುತ್ತಾರೆ. ಎರಡು ನಿಮಿಷ ನಿಂತರೆ ಮುಂದಿನ ಸ್ಟಾಪಿನ ಜನ ಹಿಂದಿನ ಬಸ್ಸಿಗೆ. ಅದು ನೇರ ಜೇಬಿಗೆ ಹೊಡೆತ. ಇದರ ಮೇಲೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ, ಖಾಸಗಿ ಬಸ್ಸಿಗೆ ಅದಿಲ್ಲ. ಸರಕಾರಿ ಬಸ್ಸೂ ಓಡುವ ರೂಟಿನಲ್ಲಿ ಕಲೆಕ್ಷನ್ ಚಿಂತೆ ಇನ್ನೂ ಜಾಸ್ತಿ. ಕಮಿಷನ್ನನ್ನು ಒಮ್ಮೆಲೇ ತೆಗೆಯಿರಿ ಎಂದು ನಾನು ಹೇಳಿದರೆ ನೀವು ನನ್ನನ್ನು ಓಡಿಸುತ್ತೀರಿ. ಆದರೆ ನಿಗದಿ ಕೂಲಿಯ ಪಾಲು ಏರಿ ಕಮಿಷನ್ನಿನ ಪಾಲು ಇಳಿಯಬೇಕು ಎಂಬುದನ್ನು ಸಂಬಳದ ಬೇಡಿಕೆಯಲ್ಲಿ ಬರೆಯುವ ಬದಲು ಸುರಕ್ಷತೆಯ ಬೇಡಿಕೆಯಲ್ಲಿ ಬರೆಯಿರಿ. ಅದರ ಜಾಗ ಅದೇ. ಒಂದೇ ರೂಟಿನ ಎಲ್ಲ ಬಸ್ಸಿನವರು ಒಟ್ಟಿಗೆ ಒಪ್ಪದೆ ಇದು ನಡೆಯುವುದಿಲ್ಲ. ಆದ್ದರಿಂದ ಮಾತುಕತೆ ನಿಮ್ಮ ಒಬ್ಬ ಮಾಲೀಕರ ಜೊತೆಗಿಂತ ಮಾಲೀಕರ ಸಂಘದ ಜೊತೆ ಆಗಲಿ. ಹತ್ತು ಮಂದಿ ಇಲ್ಲದ ಸಣ್ಣ ಬಸ್ಸಿನವರೂ ಆ ಒಪ್ಪಂದದ ಒಳಗೆ ಬರುತ್ತಾರೆ.

ಟಾಯ್ಲೆಟ್ ವಿಷಯ ಬರೆಯಲಿಕ್ಕೆ ನಾಚಿಕೆ ಬೇಡ. ಜಗತ್ತಿನ ಎಷ್ಟೋ ಊರುಗಳಲ್ಲಿ ಬಸ್ಸಿನವರ ಯೂನಿಯನ್ನುಗಳ ಮೊದಲ ಸಾಲಿನ ಬೇಡಿಕೆ ಅದು. ಒತ್ತಿ ಹಿಡಿದರೆ ಸೋಂಕು, ಕುಡಿಯದೆ ಇದ್ದರೆ ಕಲ್ಲು, ಎರಡೂ ಒಟ್ಟಿಗೆ ಇದ್ದರೆ ಎರಡೂ. ಮಾರ್ಚಿಯಿಂದ ಮೇವರೆಗೆ ನಮ್ಮ ಸೆಕೆ ಗೊತ್ತಲ್ಲ, ಬೆವರು ಆರುವುದೇ ಇಲ್ಲ. ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ, ನೀರು ಮಾತ್ರ ಹೋಗುತ್ತಲೇ ಇರುತ್ತದೆ. ಎಂಜಿನ್ ಪಕ್ಕ ಕೂತ ಡ್ರೈವರ್‌ಗೆ ಇನ್ನೂ ಕಷ್ಟ. ಶುಗರ್ ಇರುವವರಿಗೆ ಪದೇ ಪದೇ ಹೋಗಬೇಕಾಗುತ್ತದೆ, ಅವರು ಮಾತ್ರೆಯನ್ನೇ ಬಿಟ್ಟುಬಿಟ್ಟದ್ದನ್ನೂ ನಾನು ಕಂಡಿದ್ದೇನೆ. ಸಿಟಿ ಕಡೆಯ ತುದಿಯಲ್ಲಿ ಹೇಗೋ ನಡೆಯುತ್ತದೆ. ಲಾಸ್ಟ್ ಸ್ಟಾಪಿನಲ್ಲಿ ಗುಡ್ಡೆಯೇ ಗತಿ. ಕಂಡಕ್ಟರ್ ಹೆಂಗಸಾದರೆ ಆ ಗುಡ್ಡೆಯೂ ಇಲ್ಲ. ಒಂದೊಂದು ರೂಟಿನ ಲಾಸ್ಟ್ ಸ್ಟಾಪನ್ನೂ ಹೆಸರು ಹಿಡಿದು ಬರೆಯಿರಿ. ಅದು ಯಾವ ಪಂಚಾಯತ್ತಿಗೆ ಸೇರಿದ್ದು ಎಂದು ಬರೆಯಿರಿ. ಕಟ್ಟಿಸಲು ವರ್ಷ ಹಿಡಿದರೂ ಅಲ್ಲಿನ ಹೋಟೆಲ್, ಭಜನಾ ಮಂದಿರ, ಶಾಲೆಯ ಹತ್ತಿರ ಮಾತಾಡಿ ಒಂದು ಬೀಗದ ಕೈ ತರಲು ವಾರ ಸಾಕು.

ರಾತ್ರಿ ಹಾಲ್ಟ್ ಇರುವ ರೂಟುಗಳು ಇನ್ನೊಂದು ಕತೆ. ಹಳ್ಳಿಯ ತುದಿಯಲ್ಲಿ ಬಸ್ಸು ನಿಲ್ಲಿಸಿ ಸೀಟಿನ ಮೇಲೇ ಮಲಗುತ್ತಾರೆ. ಮಲೇರಿಯಾ, ಡೆಂಗಿ ಬಗ್ಗೆ ಮಂಗಳೂರಿನವರಿಗೆ ನಾನೇನು ಹೇಳಿಕೊಡುವುದು? ರಾತ್ರಿ ತಂಗುವಲ್ಲಿ ವಿಶ್ರಾಂತಿ ಕೊಠಡಿ ಇರಬೇಕು ಎಂದು 1961ರಲ್ಲೇ ಬರೆದಿತ್ತು. ಕೊಠಡಿ ಬರುವವರೆಗೆ ಕಿಟಕಿಗೆ ಬಲೆ, ಸೊಳ್ಳೆ ಪರದೆ, ಒಂದು ಫ್ಯಾನ್. ಇದಕ್ಕೆ ಹೋರಾಟ ಬೇಕಾ ಮಾರಾಯ್ರೆ! ಆದರೂ ಬರೆಯಿರಿ.

ಬೆನ್ನು ನೋವಿಗೆ ಕೂತ ಸೀಟು ಮತ್ತು ರಸ್ತೆಯ ಕುಲುಕು ಎರಡೂ ಕಾರಣ. ಮಳೆಗಾಲದ ಹೊಂಡಗಳಲ್ಲಿ ಆ ಕುಲುಕು ನೇರ ಸೊಂಟಕ್ಕೆ. ಹಿಂದೆ ಮುಂದೆ ಸರಿಯುವ, ಸ್ಪ್ರಿಂಗ್ ಸತ್ತಿರದ ಸೀಟು ಡ್ರೈವರ್‌ಗೆ ಬೇಕು. ಇಬ್ಬರು ಡ್ರೈವರ್‌ಗಳ ಎತ್ತರ ಒಂದೇ ಇರುವುದಿಲ್ಲ, ಸೀಟು ಮಾತ್ರ ಒಂದೇ ಕಡೆ ಬೋಲ್ಟ್ ಆಗಿರುತ್ತದೆ. ಕಿವಿಗೆ ಹಾರ್ನು. ಕರ್ಕಶವಾದ, ಹಲವು ಸ್ವರದ ಹಾರ್ನನ್ನು ಕೇಂದ್ರ ಮೋಟಾರು ವಾಹನ ನಿಯಮ 119 ಮೊದಲೇ ನಿಷೇಧಿಸಿದೆ, ಅದನ್ನು ಒತ್ತುವವರು ನಿಮ್ಮವರೇ ಎಂಬುದನ್ನೂ ಸಭೆಯಲ್ಲಿ ಹೇಳಿ. ಕಾರ್ಖಾನೆಯಲ್ಲಿ 8 ಗಂಟೆಗೆ 90 ಡೆಸಿಬಲ್ ಮಿತಿ. ಬಸ್ಸು ಕಾರ್ಖಾನೆ ಅಲ್ಲ, ಆದರೆ ಕಿವಿ ಅದೇ ಕಿವಿ.

ಫುಟ್‌ಬೋರ್ಡ್. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಟಿಕೆಟ್ ಮೆಷಿನ್, ಬಾಯಲ್ಲಿ ವಿಸಿಲ್, ಮಳೆಗೆ ಒದ್ದೆಯಾದ ಮೆಟ್ಟಿಲು. "ರೈಟ್ ಪೋಯಿ" (ಹೊರಡೋಣ) ಎಂದ ಮೇಲೆ ಹತ್ತುವುದೇ ಹೆಚ್ಚುಗಾರಿಕೆ ಎಂದು ಹೊಸ ಹುಡುಗರು ತಿಳಿದಿದ್ದಾರೆ. ಬಾಗಿಲು ಹಾಕುವ ಬಸ್ಸು, ಜಾರದ ಮೆಟ್ಟಿಲು, ಕಂಡಕ್ಟರ್ ಒಳಗೆ ಬಂದ ಮೇಲೆಯೇ ಡಬಲ್ ಬೆಲ್. ಮೂರನೆಯದಕ್ಕೆ ದುಡ್ಡು ಬೇಡ. ಯೂನಿಯನ್ನೇ ನಾಳೆಯಿಂದ ಶುರು ಮಾಡಬಹುದು. ನಿಮ್ಮ ಪಟ್ಟಿಯಲ್ಲಿ ನಿಮಗೆ ನೀವೇ ಹಾಕಿಕೊಂಡ ಒಂದು ನಿಯಮ ಇದ್ದರೆ ಎದುರಿನವರು ಉಳಿದ ಸಾಲುಗಳನ್ನೂ ಗೌರವದಿಂದ ಓದುತ್ತಾರೆ.

ಬಿದ್ದರೆ, ಪೆಟ್ಟಾದರೆ ಏನು? ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದು, ಹತ್ತು ಮಂದಿ ಇದ್ದರೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ನಿಮ್ಮ ಪಾಲು ಶೇ 0.75, ಮಾಲೀಕರದು ಶೇ 3.25. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70 ಸಿಗುತ್ತದೆ. ಕೆಲಸಕ್ಕೆ ಹೋಗಿ ಬರುವ ದಾರಿಯ ಅಪಘಾತವೂ ಅದರಲ್ಲಿ ಸೇರುತ್ತದೆ, ಆ ಹೊತ್ತಿಗೂ ಜಾಗಕ್ಕೂ ಕೆಲಸಕ್ಕೂ ನಂಟು ಇರಬೇಕು ಅಷ್ಟೇ. ಇಎಸ್‌ಐ ಇಲ್ಲದವರಿಗೆ ನೌಕರರ ಪರಿಹಾರದ ಕಾನೂನು ಇದೆ, 1923ರಷ್ಟು ಹಳೆಯದು, ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಬಂದಿದೆ. ಸಾಮಾನ್ಯವಾಗಿ ಅದಕ್ಕೆ ತಪ್ಪು ಯಾರದೆಂದು ಸಾಬೀತು ಮಾಡಬೇಕಿಲ್ಲ. ಡ್ರೈವರ್, ಕಂಡಕ್ಟರ್ ಬಗ್ಗೆ ಮಾಲೀಕರ ಈ ಹೊಣೆ ಬಸ್ಸಿನ ವಿಮೆಯಲ್ಲೇ ಸೇರಿರುತ್ತದೆ. ಇದು ಗೊತ್ತಿಲ್ಲದೆ "ಆಸ್ಪತ್ರೆ ಖರ್ಚು ಕೊಟ್ಟಿದ್ದೇನಲ್ಲ" ಎಂದು ಐದು ಸಾವಿರಕ್ಕೆ ಮುಗಿಸಿದ ಕೇಸುಗಳನ್ನು ನಾನು ಕಂಡಿದ್ದೇನೆ. ಪೆಟ್ಟಾದ ದಿನವೇ ಆಸ್ಪತ್ರೆಯ ಚೀಟಿಯಲ್ಲಿ "ಡ್ಯೂಟಿಯಲ್ಲಿ ಬಸ್ಸಿನಿಂದ ಬಿದ್ದು" ಎಂದು ಬರೆಸಿ. ಸುಮ್ನೆ "ಬಿದ್ದು ಪೆಟ್ಟು" ಎಂದಿದ್ದರೆ ಆರು ತಿಂಗಳ ಮೇಲೆ ನನ್ನಂಥವರಿಂದ ಏನೂ ಮಾಡಲಾಗುವುದಿಲ್ಲ.

ಪ್ರಯಾಣಿಕರು ಕೈ ಮಾಡಿದರೆ ಸರಕಾರಿ ಬಸ್ಸಿನ ಕಂಡಕ್ಟರ್ ಕಾನೂನಿನ ಕಣ್ಣಿಗೆ ಸಾರ್ವಜನಿಕ ಸೇವಕ. ನೀವು ಅಲ್ಲ. ಪೆಟ್ಟು ಒಂದೇ, ಕಲಂ ಬೇರೆ. ಆದ್ದರಿಂದ ಯೂನಿಯನ್ನಿನ ಒಬ್ಬರು ಜೊತೆಗೆ ಠಾಣೆಗೆ ಹೋಗುವ ಪದ್ಧತಿ ಇಟ್ಟುಕೊಳ್ಳಿ.

ಎಲ್ಲಿಂದ ಶುರು ಎಂದು ಕೇಳಿದಿರಿ. ಇಪ್ಪತ್ತು ಮಂದಿಗೆ ಇಪ್ಪತ್ತು ಸಣ್ಣ ನೋಟ್‌ಬುಕ್ ಕೊಡಿ, ಹದಿನಾಲ್ಕು ದಿನಕ್ಕೆ. ಮನೆ ಬಿಟ್ಟ ಹೊತ್ತು, ಬಸ್ಸು ತೆಗೆದ ಹೊತ್ತು, ಪ್ರತಿ ಟರ್ಮಿನಲ್‌ನಲ್ಲಿ ಎಷ್ಟು ನಿಮಿಷ ನಿಂತದ್ದು, ಎಷ್ಟು ಲೋಟ ನೀರು, ಎಷ್ಟು ಸಲ ಒಂದಕ್ಕೆ, ಊಟ ಎಷ್ಟು ಗಂಟೆಗೆ, ಮಲಗಿದ್ದು ಎಷ್ಟು ಗಂಟೆಗೆ. ಇಷ್ಟೇ. ಅಭಿಪ್ರಾಯ ಬೇಡ, ಗಂಟೆ ನಿಮಿಷ ಸಾಕು. ಟಿಕೆಟ್ ಮೆಷಿನ್ನಿನ ಸ್ಲಿಪ್ ಅದಕ್ಕೆ ಸಾಕ್ಷಿ, ಅದನ್ನು ಪುಟಕ್ಕೆ ಅಂಟಿಸಿ. ನೇಮಕಾತಿ ಪತ್ರ ಇಲ್ಲದವರಿಗೆ ನಾಳೆ "ಇವನು ನಮ್ಮವನೇ ಅಲ್ಲ" ಎಂದಾಗ ಅದೇ ಸ್ಲಿಪ್ ಕೆಲಸಕ್ಕೆ ಬರುತ್ತದೆ. ಹೊರದೇಶದ ಯೂನಿಯನ್ನುಗಳು ಮಾಡುವ ಇನ್ನೊಂದು ಉಪಾಯವೂ ಇದೆ. ಗೋಡೆಗೆ ದೊಡ್ಡ ಹಾಳೆ ಹಚ್ಚಿ ಮನುಷ್ಯನ ಆಕಾರ ಬರೆಯಿರಿ. ಬಂದವರೆಲ್ಲ ತಮಗೆ ನೋವಿರುವ ಕಡೆ ಒಂದು ಬಿಂದಿ ಅಂಟಿಸಲಿ, ಡ್ರೈವರ್ ಕೆಂಪು, ಕಂಡಕ್ಟರ್ ನೀಲಿ. ಬಾಯಿ ಬಿಟ್ಟು ಹೇಳದವರೂ ಬಿಂದಿ ಅಂಟಿಸುತ್ತಾರೆ. ಕೆಂಪೆಲ್ಲ ಸೊಂಟದಲ್ಲಿ, ನೀಲಿಯೆಲ್ಲ ಕಾಲು ಮತ್ತು ಭುಜದಲ್ಲಿ ಗುಂಪು ಕಟ್ಟಿದರೆ ಆ ಹಾಳೆಯನ್ನು ಹಾಗೇ ಸುತ್ತಿ ಸಭೆಗೆ ತಗೊಂಡು ಹೋಗಿ.

ಹೊರದೇಶ ಅಂದೆ, ಒಂದೆರಡು ಮಾತು. ನ್ಯೂಯಾರ್ಕಿನಲ್ಲಿ 1934ರಲ್ಲಿ ಹುಟ್ಟಿದ ಸಾರಿಗೆ ಕಾರ್ಮಿಕರ ಯೂನಿಯನ್ 2020ರ ಕೋವಿಡ್ ಹೊತ್ತಿನಲ್ಲಿ ಮಾಸ್ಕಿಗಾಗಿ ಜಗಳ ಮಾಡಬೇಕಾಯಿತು. ಮೊದಲಿಗೆ ಮಾಸ್ಕ್ ಹಾಕಬೇಡಿ ಎಂದೇ ಆಡಳಿತ ಹೇಳಿತ್ತು. ಅಲ್ಲಿ ನೂರಕ್ಕೂ ಹೆಚ್ಚು ಸಾರಿಗೆ ನೌಕರರು ತೀರಿಕೊಂಡರು. 2021ರಲ್ಲಿ ಅಮೆರಿಕ ತಂದ ಕಾನೂನಿನ ಪ್ರಕಾರ ದೊಡ್ಡ ನಗರಗಳ ಸಾರಿಗೆ ಸಂಸ್ಥೆಗಳಲ್ಲಿ ಸುರಕ್ಷತಾ ಸಮಿತಿ ಇರಬೇಕು. ಆಡಳಿತದವರು ಎಷ್ಟು ಮಂದಿಯೋ ಕೆಲಸಗಾರರೂ ಅಷ್ಟೇ ಮಂದಿ, ಆ ಕೆಲಸಗಾರರನ್ನು ಆರಿಸುವುದು ಯೂನಿಯನ್. ಸುರಕ್ಷತೆಯ ಯೋಜನೆ ಈ ಸಮಿತಿ ಒಪ್ಪದೆ ಮುಂದೆ ಹೋಗುವುದಿಲ್ಲ. ನಮ್ಮಲ್ಲಿ ಬಸ್ಸಿಗೆ ಅಂಥ ಕಡ್ಡಾಯ ಇಲ್ಲ. ಆದರೆ ಮಾಲೀಕರ ಸಂಘದ ಮೂವರು, ನಿಮ್ಮ ಮೂವರು, ತಿಂಗಳಿಗೊಮ್ಮೆ ಚಾ ಕುಡಿದು ಕೂರುವುದಕ್ಕೆ ಕಾನೂನು ಬೇಕಾಗಿಲ್ಲ. ಬ್ರೇಕ್ ಸರಿ ಇಲ್ಲದ ಬಸ್ಸಿನಂಥ ಎದುರಿಗೇ ಕಾಣುವ ಅಪಾಯವಿದ್ದರೆ ಮಾಲೀಕರಿಗೂ ನಿರೀಕ್ಷಕರಿಗೂ ಒಟ್ಟಿಗೇ ತಿಳಿಸುವ ಹಕ್ಕು ಹೊಸ ಸಂಹಿತೆಯಲ್ಲಿ ನಿಮಗಿದೆ. ಬಾಯಲ್ಲಿ ಹೇಳಬೇಡಿ, ವಾಟ್ಸಾಪಿನಲ್ಲಾದರೂ ಬರೆದು ಹಾಕಿ. ತಾರೀಕು ಉಳಿಯುತ್ತದೆ.

"ನಾಳೆಯಿಂದ ಬರಬೇಡ" ಅನ್ನುವ ಹೆದರಿಕೆ ಇದ್ದೇ ಇದೆ. ಯೂನಿಯನ್ ಕೆಲಸಕ್ಕಾಗಿ ಒಬ್ಬನನ್ನು ತೆಗೆಯುವುದು ಕಾನೂನಿನಲ್ಲಿ ಅನುಚಿತ ಕಾರ್ಮಿಕ ಪದ್ಧತಿ, ಆದರೆ ಅದು ಸಾಬೀತಾಗುವಷ್ಟರಲ್ಲಿ ಮನೆ ಸಾಮಾನು ಖಾಲಿ ಆಗಿರುತ್ತದೆ. ಅದಕ್ಕೇ ಅರ್ಜಿಗೆ ನೀವೊಬ್ಬರೇ ಸಹಿ ಹಾಕಬೇಡಿ. ಒಂದು ರೂಟಿನ ಎಲ್ಲರ ಸಹಿ, ದುಂಡಗೆ ಹಾಕಿಸಿ, ಮೊದಲು ಯಾರು ಎಂದು ಗೊತ್ತಾಗದ ಹಾಗೆ.

ಕೊನೆಗೆ ನಿಮ್ಮ ಕಾಲು. ನೀವು ಹೇಳಿದ್ದು ವೆರಿಕೋಸ್ ವೇನ್ಸ್ ಇರಬೇಕು, ದಿನವಿಡೀ ನಿಲ್ಲುವವರಿಗೆ ಬರುವಂಥದ್ದು. ನೋಡದೆ ಖಚಿತ ಹೇಳಲಾರೆ. ಒಮ್ಮೆ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ, ಅದು ನೋವಿಲ್ಲದ ಪರೀಕ್ಷೆ. ವೈದ್ಯರು ಸರಿ ಎಂದರೆ ಬಿಗಿ ಸ್ಟಾಕಿಂಗ್ಸ್ ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಿಕೊಳ್ಳಿ. ಸೆಕೆಗೆ ಹಿಂಸೆ ಆಗುತ್ತದೆ, ಆದರೂ ಡ್ಯೂಟಿ ದಿನ ಬಿಡಬೇಡಿ. ಟರ್ಮಿನಲ್‌ನಲ್ಲಿ ಎರಡು ನಿಮಿಷ ಸಿಕ್ಕರೆ ಹಿಂದಿನ ಸೀಟಿನಲ್ಲಿ ಕಾಲು ಮೇಲೆ ಚಾಚಿ. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಾ ಇರಿ. ಹರಡಿನ ಹತ್ತಿರ ಚರ್ಮ ಕಪ್ಪಾದರೆ, ತುರಿಸಿ ಗಾಯವಾದರೆ ಕಾಯಬೇಡಿ, ಸರ್ಜನ್ ಹತ್ತಿರ ಹೋಗಿ. ಒಂದೇ ಕಾಲು ದಿಢೀರನೆ ಊದಿ ಮೀನಖಂಡ ನೋಯತೊಡಗಿದರೆ ಅದೇ ದಿನ ಹೋಗಿ, ಅದು ಬೇರೆ ಕಾಯಿಲೆ, ಹೆಪ್ಪುಗಟ್ಟಿದ ರಕ್ತ ಇರಬಹುದು. ಆ ಗೋಡೆಯ ಹಾಳೆಯಲ್ಲಿ ಬಲಗಾಲಿನ ಮೊದಲ ನೀಲಿ ಬಿಂದಿ ನಿಮ್ಮದೇ ಆಗಲಿ, ಉಳಿದವರಿಗೆ ಸಂಕೋಚ ಬಿಡುತ್ತದೆ.